ಉಸಿರಿಲ್ಲದ ಗಂಟು: ಗಡಿಸೀಮೆಯ ತಂಬಾಕು ಸಂಸ್ಕೃತಿ ಮತ್ತು ವಿಕಿರಣ ಚಿಕಿತ್ಸೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ತಂಬಾಕು ಕೇವಲ ಬೆಳೆಯಲ್ಲ. ನಿಪ್ಪಾಣಿಯ ತಂಬಾಕು ಪೇಟೆ, ಬೀಡಿ ಕಟ್ಟುವ ಹೆಣ್ಣುಮಕ್ಕಳ ದುಡಿಮೆ, 1981ರ ತಂಬಾಕು ಬೆಳೆಗಾರರ ಚಳವಳಿ ಇಲ್ಲಿನ ಚರಿತ್ರೆಯ ಭಾಗಗಳು. ಬಂದವರ ಮುಂದೆ ಎಲೆ-ಅಡಿಕೆಯ ಚಂಚಿ ಬಿಚ್ಚುವುದು ಆದರದ ಕುರುಹು. ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವುದು ಹಳೆಯ ರೂಢಿ. ತಂಬಾಕಿನಂತೆ ಅಡಿಕೆಯೂ ಅರ್ಬುದಕಾರಕವೆಂಬ ನಿರ್ಣಯವನ್ನು ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ. ಬಾಯಿ, ಗಂಟಲುಗಳ ಅರ್ಬುದವನ್ನು ಈ ಹಿನ್ನೆಲೆಯಲ್ಲಿಯೇ ಪರಿಭಾವಿಸಬೇಕಾಗುತ್ತದೆ.

ಬಾಯಿಯ ಅರ್ಬುದಕ್ಕೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಅಗತ್ಯವಿದ್ದಲ್ಲಿ ಅನಂತರ ವಿಕಿರಣ. ಗಂಟಲಿನ ಅರ್ಬುದದಲ್ಲಿ ಅನೇಕ ವೇಳೆ ವಿಕಿರಣವೇ ಮುಖ್ಯ ಚಿಕಿತ್ಸೆ. ವಿಕಿರಣವು ಜೀವಕೋಶದ ಡಿ.ಎನ್.ಎ. ಎಳೆಯನ್ನು ಘಾಸಿಗೊಳಿಸುತ್ತದೆ. ಆಮ್ಲಜನಕವಿದ್ದರೆ ಆ ಗಾಯ ಸ್ಥಿರಗೊಳ್ಳುತ್ತದೆ. ಇಲ್ಲದಿದ್ದರೆ ಕೋಶ ಚೇತರಿಸಿಕೊಳ್ಳಬಲ್ಲದು. ಬ್ರಿಟನ್ನಿನ ಎಲ್.ಎಚ್. ಗ್ರೇ ಹಾಗೂ ಸಂಗಡಿಗರು 1953ರಲ್ಲಿ ಈ ಸಂಬಂಧದ ಮಹತ್ವವನ್ನು ವಿಶದಪಡಿಸಿದರು. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗಬಹುದು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಂತೆ, ಅವಸರದಲ್ಲಿ ಬೆಳೆದ ಗಂಟಿನ ಒಳಭಾಗಕ್ಕೆ ರಕ್ತವು ಸಾಕಷ್ಟು ಆಮ್ಲಜನಕವನ್ನು ಮುಟ್ಟಿಸಲಾರದು.

ಈ ಉಸಿರಿಲ್ಲದ ತಾಣವನ್ನು ಪೆಟ್ ಸ್ಕ್ಯಾನ್ ತೋರಿಸಬಲ್ಲದು. ಫ್ಲೋರಿನ್-18 ಸೇರಿಸಿದ ಮಿಸೊನಿಡಜೋಲ್ ಎಂಬ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚಿದಾಗ, ಆಮ್ಲಜನಕ ಕಡಿಮೆಯಿರುವ ಜೀವಂತ ಕೋಶಗಳಲ್ಲಿ ಅದು ಸಿಕ್ಕಿಕೊಂಡು ಚಿತ್ರದಲ್ಲಿ ಬೆಳಗುತ್ತದೆ. ಅಂಥ ಭಾಗಕ್ಕೆ ವಿಕಿರಣವನ್ನು ಹೆಚ್ಚಿಸುವ, ಇಲ್ಲದಲ್ಲಿ ತಗ್ಗಿಸುವ ಪ್ರಯೋಗಗಳು ನಡೆದಿವೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯ ವೈದ್ಯರು ಇಂಥ ಚಿತ್ರಗಳನ್ನಾಧರಿಸಿ, ಆಯ್ದ ರೋಗಿಗಳಿಗೆ ರೂಢಿಯ 70 ಗ್ರೇ ಬದಲು 30 ಗ್ರೇ ವಿಕಿರಣ ನೀಡಿ ಪರೀಕ್ಷಿಸಿದ್ದಾರೆ. ಆದರೆ ಅವರದು ಪ್ಯಾಪಿಲೋಮಾ ವೈರಸ್ಸಿನಿಂದ ಬರುವ ಗಂಟಲಿನ ಅರ್ಬುದ. ತಂಬಾಕಿನ ಅರ್ಬುದಕ್ಕೆ ಆ ಲೆಕ್ಕ ಅನ್ವಯಿಸದು. ಮೇಲಾಗಿ ಫ್ಲೋರಿನ್-18ರ ಶಕ್ತಿ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ದೂರದ ಊರುಗಳಿಗೆ ಅದನ್ನು ಸಾಗಿಸುವುದು ಕಷ್ಟ. ಈ ವಿಧಾನವಿನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ.

ಹಾಗಿದ್ದರೂ ಈ ಶೋಧದ ತಿರುಳು ಗಡಿಸೀಮೆಯ ರೋಗಿಗೂ ಸಲ್ಲುತ್ತದೆ. ಬೀಡಿಯ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ಚಿಕಿತ್ಸೆಯ ಕಾಲದಲ್ಲಿಯೂ ಧೂಮಪಾನ ಬಿಡದವರಲ್ಲಿ ವಿಕಿರಣದ ಫಲ ಕುಗ್ಗುವುದೆಂದು ಅಧ್ಯಯನಗಳು ತೋರಿಸಿವೆ. ಆದುದರಿಂದ ಬೀಡಿ ಬಿಡುವುದೂ ಚಿಕಿತ್ಸೆಯ ಅಂಗವೇ. ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸುವುದು ಅದಕ್ಕಿಂತ ಮೊದಲಿನ ಹೆಜ್ಜೆ. ಚಂಚಿಯ ಹಿಂದಿರುವ ಆದರವು ದೊಡ್ಡದು. ಅದನ್ನು ತಂಬಾಕಿಲ್ಲದೆಯೂ ತೋರಿಸಬಹುದು.