ತೋಟದ ವಸ್ತಿಯಲ್ಲಿ ಹಾವು ಕಚ್ಚಿದರೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಎಷ್ಟೋ ರೈತ ಕುಟುಂಬಗಳು ಊರಿನಲ್ಲಲ್ಲ, ಹೊಲದಲ್ಲೇ ವಾಸಿಸುತ್ತವೆ. ತೋಟದ ವಸ್ತಿ ಎಂದರೆ ಕಬ್ಬು, ಜೋಳ, ದ್ರಾಕ್ಷಿಯ ನಡುವೆ ಒಂದೋ ಎರಡೋ ಮನೆ. ಕೂಗಿದರೆ ಓಡಿ ಬರುವ ನೆರೆಯವರಿಲ್ಲ. ನಿಮ್ಮ ಮನೆಯೂ ಇಂಥದ್ದಾದರೆ, ಹಾವು ಕಚ್ಚಿದ ರಾತ್ರಿ ವಿಷದಷ್ಟೇ ಅಪಾಯ ಈ ದೂರದ್ದು.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು ಸಂಶೋಧಕರ ಅಂದಾಜು. ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರ, ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರಿಂದಲೇ ಹೆಚ್ಚಿನ ಸಾವು. ಇವುಗಳಲ್ಲಿ ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನೆಲದ ಮೇಲೆ ಮಲಗಿದವರನ್ನು ಅದು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಗುರುತೂ ಕಾಣದಿರಬಹುದು. ರಾತ್ರಿ ನೆಲದಲ್ಲಿ ಮಲಗಿದ ಮಗು ನಸುಕಿನಲ್ಲಿ ಹೊಟ್ಟೆನೋವು ಎಂದರೆ, ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವೆಂದರೆ ಅಜೀರ್ಣವೆಂದು ಕಷಾಯ ಕೊಟ್ಟು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ಕಚ್ಚಿದಾಗ ಏನು ಮಾಡಬೇಕು? ಧೈರ್ಯ ಹೇಳಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮೂಳೆ ಮುರಿದವರಿಗೆ ಕಟ್ಟುವಂತೆ ಕೈಕಾಲಿಗೆ ದಬ್ಬೆಯಿಟ್ಟು ಸಡಿಲವಾಗಿ ಕಟ್ಟಿ, ಅಲುಗಾಡದಂತೆ ನೋಡಿಕೊಳ್ಳಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಬೈಕೇ ಗತಿಯಾದರೆ ರೋಗಿಯನ್ನು ಮಧ್ಯೆ ಕೂರಿಸಿ, ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಲಿ. ಕಚ್ಚಿದ ಸಮಯ ನೆನಪಿಟ್ಟುಕೊಳ್ಳಿ.

ಹಗ್ಗದಿಂದ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಚುಚ್ಚುಮದ್ದಿದೆ. ನಾಟಿ ಔಷಧಿ, ಊದಿಸುವುದು, ತಾಯಿತವೆಂದು ದಾರಿಯಲ್ಲಿ ನಿಲ್ಲಬೇಡಿ. ದುಆ ಖಂಡಿತ ಮಾಡಿ, ಆದರೆ ಆಸ್ಪತ್ರೆಗೆ ಹೋಗುತ್ತಲೇ ಮಾಡಿ.

ಒಂಟಿ ಮನೆಯವರು ಇಂದೇ ಮಾಡಬೇಕಾದ ಕೆಲಸವೂ ಇದೆ. ವಿಷನಿರೋಧಕ ಚುಚ್ಚುಮದ್ದು ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ ಎಂದು ವಿಚಾರಿಸಿಡಿ. ರಾತ್ರಿ ಗಾಡಿ ತರಬಲ್ಲ ಇಬ್ಬರ ನಂಬರನ್ನು ಗೋಡೆಯ ಮೇಲೆ ಬರೆಯಿರಿ. 108ಕ್ಕೆ ಮನೆಯ ಗುರುತು ಹೇಳುವುದನ್ನು ಮಕ್ಕಳಿಗೂ ಕಲಿಸಿ. ಆಂಬುಲೆನ್ಸ್‌ಗೆ ದಾರಿ ತೋರಿಸಲು ಒಬ್ಬರು ಟಾರ್ಚ್ ಹಿಡಿದು ರಸ್ತೆಯಲ್ಲಿ ನಿಲ್ಲಬೇಕು.

ಹಾವು ಬರುವುದು ಇಲಿಯ ಬೆನ್ನತ್ತಿ. ಕಾಳಿನ ಚೀಲಗಳನ್ನು ಮಲಗುವ ಕೋಣೆಯಲ್ಲಿಡಬೇಡಿ. ಸೌದೆ, ಮೇವಿನ ಬಣವೆ ಮನೆಗೋಡೆಗೆ ತಾಗದಿರಲಿ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಫಜ್ರ್‌ಗೆ ವುಝೂ ಮಾಡುವ ನಲ್ಲಿಯ ಬಳಿ, ಶೌಚಾಲಯದ ದಾರಿಯಲ್ಲಿ ಒಂದು ಬಲ್ಬ್ ಹಾಕಿಸಿ. ಕತ್ತಲಲ್ಲಿ ಹೊರಗೆ ಕಾಲಿಡುವ ಮುನ್ನ ಟಾರ್ಚ್ ಕೈಯಲ್ಲಿರಲಿ, ಚಪ್ಪಲಿ ಕಾಲಲ್ಲಿರಲಿ.