ರಣಹದ್ದನ್ನು ಕೊಂದ ಔಷಧಿ ಮತ್ತು ನಮ್ಮ ಮೂತ್ರಪಿಂಡ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಈಗ ರಾಗಿ ಹೊಲಕ್ಕಿಂತ ನಿವೇಶನಗಳೇ ಹೆಚ್ಚು. ಆದರೂ ಹಸು ಕಟ್ಟಿದ ಮನೆಗಳು ಉಳಿದಿವೆ. ಕಳೆದ ಬೇಸಿಗೆಯಲ್ಲಿ ಮೇವಿನ ವಿಚಾರವಾಗಿ ಅಂಥ ಒಂದು ಮನೆಗೆ ಹೋಗಿದ್ದೆ. ಯಜಮಾನರ ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ನೋವಿನ ಮಾತ್ರೆಯ ಪಟ್ಟಿ. "ಸೊಂಟ ಹಿಡ್ಕೊಂಡೈತೆ ಸಾರ್. ದಿನಕ್ಕೆರಡು ನುಂಗಿದ್ರೇನೇ ಹುಲ್ಲು ಕುಯ್ಯಕ್ಕಾಗದು" ಎಂದರು. ಸಕ್ಕರೆ ಕಾಯಿಲೆಯೂ ಇತ್ತು. ಪಾದ ಊದಿದ್ದನ್ನು ಬಿಸಿಲಿನ ಲೆಕ್ಕಕ್ಕೆ ಬರೆದಿದ್ದರು.

ಪಟ್ಟಿಯ ಮೇಲೆ ಡೈಕ್ಲೋಫೆನಾಕ್ ಎಂದಿತ್ತು. ಒಂದು ಕಾಲಕ್ಕೆ ದನಗಳಿಗೂ ಇದನ್ನೇ ಚುಚ್ಚುತ್ತಿದ್ದರು. ಆ ದನ ಸತ್ತು ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ದೇಶದಾದ್ಯಂತ ಅಳಿದವು. 2006ರಲ್ಲಿ ಸರ್ಕಾರ ದನಗಳಿಗೆ ಇದರ ಬಳಕೆಯನ್ನು ನಿಷೇಧಿಸಿತು. ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು.

ಮನುಷ್ಯನಿಗೆ ಇದು ಹದ್ದಿಗಾದಷ್ಟು ವಿಷವಲ್ಲ. ವೈದ್ಯರು ಹೇಳಿದಷ್ಟು ದಿನ ನುಂಗಬಹುದು. ಆದರೆ ಇಂಥ ಮಾತ್ರೆ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವವರು ತಿಂಗಳುಗಟ್ಟಲೆ ನುಂಗಿದರೆ ಅಪಾಯ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಗಗಳಿವೆ. ಹನಿ ನೀರಾವರಿಯ ಫಿಲ್ಟರನ್ನು ಬಿಚ್ಚಿ ತೊಳೆಯಬಹುದು. ಇದನ್ನು ತೊಳೆಯಲಾಗದು, ಸತ್ತ ಸೋಸುಗ ಮತ್ತೆ ಹುಟ್ಟದು. ಬಹುಪಾಲು ಕೆಡುವತನಕ ನೋವೂ ಕಾಣಿಸದು. ಆದ್ದರಿಂದ ಸಕ್ಕರೆ, ರಕ್ತದೊತ್ತಡದವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸತಕ್ಕದ್ದು.

ಕಾಯಿಲೆ ಬಲಿತವರ ಊಟದಲ್ಲಿ ನಮ್ಮ ಪರಿಚಯದ ಪೊಟ್ಯಾಷ್ ಬರುತ್ತದೆ. ಕೆಟ್ಟ ಮೂತ್ರಪಿಂಡ ಇದನ್ನು ಹೊರಹಾಕಲಾರದು. ರಕ್ತದಲ್ಲಿ ಹೆಚ್ಚಾದರೆ ಹೃದಯವೇ ನಿಲ್ಲಬಹುದು. ವೈದ್ಯರು ಪೊಟ್ಯಾಷ್ ಮಿತಿ ಹೇಳಿದ್ದರೆ ಎಳನೀರು ಬೇಡ. ಸೊಪ್ಪು ಬೇಯಿಸಿ ಬಸಿದಾಗ ಪೊಟ್ಯಾಷ್ ಬಹಳಷ್ಟು ಕಟ್ಟಿಗೆ ಇಳಿಯುತ್ತದೆ. ಅಂದರೆ ಪಲ್ಯ ರೋಗಿಗೆ, ಬಸ್ಸಾರು ಮಿಕ್ಕವರಿಗೆ. (ನಮ್ಮ ಕಡೆಯವರಿಗೆ ಇದು ಸಣ್ಣ ಶಿಕ್ಷೆಯಲ್ಲ!) ಅಂಗಡಿಯಲ್ಲಿ ಸಿಗುವ 'ಸೋಡಿಯಂ ಕಡಿಮೆ' ಉಪ್ಪನ್ನೂ ಇವರು ಮುಟ್ಟಬಾರದು. ಅದರಲ್ಲಿ ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡ್. ಹೊಲಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೂಡ ಅದೇ ಲವಣ.

ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 2-3 ಸಲ, ಪ್ರತಿ ಸಲ ಸುಮಾರು 4 ಗಂಟೆ. ಬಡ ಕುಟುಂಬಗಳಿಗೆ 2016ರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಇದು ಉಚಿತ; ಪಡಿತರ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈ ಕಾಯಿಲೆಗೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ತೋಳಿನಲ್ಲಿ ಭಾರ ಎತ್ತಬಾರದು. ಆ ತೋಳಿನಿಂದ ರಕ್ತ ತೆಗೆಯಲು, ಒತ್ತಡ ನೋಡಲು ಬಿಡಬಾರದು.

ಬ್ಯಾಡರಹಳ್ಳಿಯ ಯಜಮಾನರಿಗೆ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚೇ ಬಂತು. ಡಯಾಲಿಸಿಸ್‌ವರೆಗೆ ಹೋಗಿಲ್ಲ. ಮಾತ್ರೆ ಬಿಡಿಸಿದ್ದಾರೆ, ಸಕ್ಕರೆಯ ಔಷಧಿ ಬದಲಿಸಿದ್ದಾರೆ, ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಾರೆ. ಸೊಂಟ ನೋವು ಇನ್ನೂ ಇದೆ. ಮೊನ್ನೆ ಹೋದಾಗ ಹುಲ್ಲಿನ ಹೊರೆಯನ್ನು ಮಗ ತರುತ್ತಿದ್ದ.