ಒಂದೇ ಕಡಲು, ಎರಡು ಓರ್ಕಾ ಕುಲ

2025ರ ಹೊಸವರ್ಷದ ಹೊತ್ತಿಗೆ ಅಮೆರಿಕದ ಸಿಯಾಟಲ್ ಬಳಿಯ ಕಡಲಿನಿಂದ ಸುದ್ದಿ ಬಂತು: ತಾಲೆಕ್ವಾ ಎಂಬ ತಾಯಿ ಓರ್ಕಾ (ಕಿಲ್ಲರ್ ವೇಲ್) ತನ್ನ ಸತ್ತ ಮರಿಯನ್ನು ಹೊತ್ತು ಈಜುತ್ತಿದೆ. 2018ರಲ್ಲೂ ಅದು ಇನ್ನೊಂದು ಮರಿಯ ಶವವನ್ನು 17 ದಿನ ಬಿಟ್ಟಿರಲಿಲ್ಲ. ಓದಿದವರೆಲ್ಲ ಮರುಗಿದರು. ಆದರೆ ತಾಲೆಕ್ವಾದ ಕುಲದಲ್ಲಿ ಮರಿಗಳೇಕೆ ಉಳಿಯುತ್ತಿಲ್ಲ?

ಅಮೆರಿಕ ಮತ್ತು ಕೆನಡಾಗಳ ನಡುವೆ ಒಳನಾಡಿಗೆ ಚಾಚಿಕೊಂಡಿರುವ ಈ ನೀರೇ ಸೇಲಿಷ್ ಸಮುದ್ರ. 1960ರ ದಶಕದಲ್ಲಿ ಅಕ್ವೇರಿಯಂಗಳಿಗಾಗಿ ಇಲ್ಲಿ ಓರ್ಕಾಗಳನ್ನು ಹಿಡಿಯತೊಡಗಿದರು. ಸಾವಿರಾರು ಇವೆ, ಹಿಡಿದರೇನು ಎಂಬ ಧೈರ್ಯ. ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ 1971ರಲ್ಲಿ ಮೀನುಗಾರರಿಗೆ, ದೀಪಸ್ತಂಭದ ಕಾವಲಿನವರಿಗೆ ಪ್ರಶ್ನಾವಳಿ ಕಳಿಸಿ, ಕಂಡಷ್ಟನ್ನು ಎಣಿಸಿ ತಿಳಿಸಲು ಕೋರಿದರು. ಲೆಕ್ಕ ಕೆಲವು ನೂರನ್ನು ದಾಟಲಿಲ್ಲ. ಮುಂದೆ ಅವರು ಬೆನ್ನಿನ ರೆಕ್ಕೆಯ ಗಾಯ, ಅದರ ಹಿಂದಿನ ಬೂದು ಮಚ್ಚೆಗಳ ಫೋಟೊ ತೆಗೆದು ಒಂದೊಂದು ಓರ್ಕಾವನ್ನೂ ಗುರುತಿಸಿದರು. ಆಗಲೇ ಇಲ್ಲಿ ಬೇರೆಬೇರೆ ಕುಲಗಳಿರುವುದು ತಿಳಿದದ್ದು.

ಒಂದು, ತಾಲೆಕ್ವಾ ಸೇರಿರುವ ‘ದಕ್ಷಿಣ ನಿವಾಸಿ’ ಕುಲ. ಅದರ ಊಟ ಮೀನು, ಅದರಲ್ಲೂ ಕೊಬ್ಬಿದ ಚಿನೂಕ್ ಸಾಲ್ಮನ್. ಇನ್ನೊಂದು, ಸೀಲ್‌ಗಳನ್ನು ಬೇಟೆಯಾಡುವ ಅಲೆಮಾರಿ ಕುಲ. ಇವಕ್ಕೆ ಈಗ ಬಿಗ್ ಅವರದೇ ಹೆಸರು. ಎರಡೂ ಒಂದೇ ನೀರಲ್ಲಿ ಈಜುತ್ತವೆ, ಕೂಡುವುದಿಲ್ಲ.

ಪ್ರಕೃತಿಯೇ ನಡೆಸಿದ ಪ್ರಯೋಗವಿದು. 1970ರ ದಶಕದ ಆರಂಭದಲ್ಲಿ ಎರಡೂ ದೇಶಗಳು ಸೀಲ್‌ಗಳಿಗೆ ರಕ್ಷಣೆ ಕೊಟ್ಟವು. ಸೀಲ್ ಹೆಚ್ಚಿದಂತೆ ಅಲೆಮಾರಿಗಳೂ ಹೆಚ್ಚಿ, ಈ ಕರಾವಳಿಯುದ್ದಕ್ಕೂ ಮುನ್ನೂರು ಮೀರಿವೆ. ಆದರೆ ಚಿನೂಕ್ ಸಾಕಷ್ಟು ಸಿಗದ ದಕ್ಷಿಣ ನಿವಾಸಿಗಳು 2024ರ ಜುಲೈ ಎಣಿಕೆಯಲ್ಲಿ ಬರೀ 73. ಕಾರ್ಖಾನೆಗಳಿಂದ ಬಂದ ಪಿಸಿಬಿ ವಿಷವೇ ಕಾರಣವೆನ್ನೋಣವೆಂದರೆ, ಸೀಲ್ ತಿನ್ನುವ ಅಲೆಮಾರಿಗಳ ಕೊಬ್ಬಿನಲ್ಲೇ ಅದು ಹೆಚ್ಚು. ಹೊಟ್ಟೆ ತುಂಬಿದ್ದಾಗ ವಿಷ ಕೊಬ್ಬಿನಲ್ಲೇ ಕೂತಿರುತ್ತದೆ. ಹಸಿದಾಗ ಕೊಬ್ಬು ಕರಗಿ ವಿಷ ರಕ್ತಕ್ಕೆ ಇಳಿಯುತ್ತದೆ. ಹಡಗುಗಳ ಸದ್ದು, ಒಳಸಂತಾನದ ದೋಷಗಳೂ ಈ ಕುಲವನ್ನು ಕಾಡುತ್ತಿವೆ. ಆದರೆ ಹಸಿವು ನೀಗದೆ ಬೇರಾವ ಚಿಕಿತ್ಸೆಯೂ ಫಲ ಕೊಡದು.

ಚಿನೂಕ್ ಮೊಟ್ಟೆಯಿಡಲು ನದಿಯೇರಬೇಕು, ಅಲ್ಲಿ ಅಣೆಕಟ್ಟೆ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ 2011ರಿಂದ 2014ರೊಳಗೆ ಎರಡು ಅಣೆಕಟ್ಟೆ ಕೆಡವಿದರು. ಸುಮಾರು ನೂರು ವರ್ಷ ಮುಚ್ಚಿದ್ದ ಮೇಲ್ಹರಿವಿಗೆ ಚಿನೂಕ್ ಮರಳಿ ಏರಿದೆ. ಓರ್ಕಾ ಉಳಿಸುವ ಕೆಲಸ ನದಿಗಳಿಂದಲೇ ಶುರುವಾಗಬೇಕು.